ಮಯಲಿನ್ ಪೊರೆಯ ಪ್ರೋಟೀನುಗಳು: ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು

ನಮ್ಮ 17ನೇ ವರ್ಣತಂತುವಿನಲ್ಲಿ ಸುಮಾರು 14 ಲಕ್ಷ ಅಕ್ಷರಗಳಷ್ಟು ಉದ್ದದ ಒಂದು ಡಿಎನ್‌ಎ ತುಂಡು ಇದೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಅದರ ಎರಡು ಪ್ರತಿ ಇರುವುದು ಸಹಜ. ಕೆಲವರಲ್ಲಿ ಅದು ಒಂದೇ ವರ್ಣತಂತುವಿನ ಮೇಲೆ ಎರಡು ಸಲ ಬಂದು ಒಟ್ಟು ಮೂರಾಗುತ್ತದೆ. ಅಂಥವರಿಗೆ ಬಾಲ್ಯದಲ್ಲೋ ಹದಿಹರೆಯದಲ್ಲೋ ಪಾದ ಎತ್ತಿ ಇಡುವುದೇ ಕಷ್ಟವಾಗತೊಡಗುತ್ತದೆ. ಮೊಣಕಾಲಿನ ಕೆಳಗೆ ಸ್ನಾಯು ಸೊರಗುತ್ತದೆ, ಅಂಗಾಲಿನ ಕಮಾನು ಎತ್ತರವಾಗುತ್ತದೆ, ವರ್ಷಗಳು ಕಳೆದಂತೆ ಅಂಗಿಯ ಗುಂಡಿ ಹಾಕಲು ಬೇಕಾದಷ್ಟು ಬಲವೂ ಬೆರಳಿನಲ್ಲಿ ಉಳಿಯುವುದಿಲ್ಲ. ಇನ್ನು ಕೆಲವರಲ್ಲಿ ಅದೇ ತುಂಡು ಒಂದು ಕಡೆ ಪೂರ್ತಿ ಬಿಟ್ಟುಹೋಗಿ ಒಂದೇ ಪ್ರತಿ ಉಳಿದಿರುತ್ತದೆ. ಅವರ ತೊಂದರೆಯೇ ಬೇರೆ. ಮೊಣಕೈ ಊರಿ ಓದುತ್ತಾ ಕುಳಿತರೆ, ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತರೆ ಸಾಕು, ಅಲ್ಲಿನ ನರ ಒತ್ತಿ ಕೈಯೋ ಪಾದವೋ ಮರಗಟ್ಟುತ್ತದೆ. ಬೇರೆಯವರಿಗೆ ಎರಡು ನಿಮಿಷದಲ್ಲಿ ಬಿಡುವ ಜೋಮು ಇವರಿಗೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಎರಡೂ ಕಾಯಿಲೆಗೆ ಕಾರಣ ಆ ತುಂಡಿನೊಳಗಿರುವ ಒಂದೇ ಜೀನ್. ಅದು ತಯಾರಿಸುವ ಪ್ರೋಟೀನಿನ ಹೆಸರು ಪಿಎಂಪಿ22. ಎರಡೂ ಕಡೆ ಆ ಪ್ರೋಟೀನಿನಲ್ಲಿ ಒಂದು ಅಮೈನೊ ಆಮ್ಲವೂ ತಪ್ಪಿಲ್ಲ. ತಪ್ಪಿರುವುದು ಅಳತೆ. ನರದ ಸುತ್ತ ಮಯಲಿನ್ ಹೊದಿಕೆ ಕಟ್ಟುವ ಕೋಶಗಳ ವಿಷಯದಲ್ಲಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಇದೇ: ಅವುಗಳ ಪೊರೆಯಲ್ಲಿ ಯಾವ ಪ್ರೋಟೀನ್ ಇದೆ ಎಂಬುದರಷ್ಟೇ ಎಷ್ಟಿದೆ, ಎಲ್ಲಿದೆ ಎಂಬುದೂ ಮುಖ್ಯ. ಅದನ್ನು ಅರ್ಥ ಮಾಡಿಕೊಳ್ಳಲು ಆ ಪೊರೆಯನ್ನೇ ಹತ್ತಿರದಿಂದ ನೋಡಬೇಕು.

ನರಕೋಶದಿಂದ ಹೊರಡುವ ಉದ್ದನೆಯ ಎಳೆಗೆ ಆಕ್ಸಾನ್ ಎನ್ನುತ್ತಾರೆ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದವಿರುತ್ತದೆ, ದಪ್ಪ ಕೆಲವೇ ಮೈಕ್ರೊಮೀಟರ್. ಹೊದಿಕೆಯಿಲ್ಲದ ತೆಳ್ಳನೆಯ ಎಳೆಯಲ್ಲಿ ಸಂಕೇತ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು ಸಾಗುತ್ತದೆ; ಮಯಲಿನ್ ಇರುವ ದಪ್ಪ ಎಳೆಗಳಲ್ಲಿ 100 ಮೀಟರ್‌ವರೆಗೂ ಹೋಗುತ್ತದೆ. ಹೊದಿಕೆ ಉದ್ದಕ್ಕೂ ಎಡೆಬಿಡದೆ ಇರುವುದಿಲ್ಲ. ನಡುನಡುವೆ ಸಣ್ಣ ತೆರಪುಗಳಿವೆ. 19ನೇ ಶತಮಾನದಲ್ಲಿ ಅವನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ರಾನ್ವಿಯೆ ಅವರ ಹೆಸರಿನಿಂದಲೇ ಅವನ್ನು ಕರೆಯುತ್ತಾರೆ. ವಿದ್ಯುತ್ ಸಂಕೇತ ಹುಟ್ಟಲು ಸೋಡಿಯಂ ಅಯಾನುಗಳನ್ನು ಒಳಕ್ಕೆ ಬಿಡುವ ಸೋಡಿಯಂ ಕಾಲುವೆಗಳೆಲ್ಲ ಆ ತೆರಪುಗಳಲ್ಲಿ ಕಿಕ್ಕಿರಿದಿರುತ್ತವೆ, ಸಂಕೇತ ಒಂದು ತೆರಪಿನಿಂದ ಮುಂದಿನದಕ್ಕೆ ಜಿಗಿಯುತ್ತಾ ಸಾಗುತ್ತದೆ.

ಈ ಹೊದಿಕೆ ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಗೊತ್ತಿರಲಿಲ್ಲ. ಮಯಲಿನ್ ಎಂಬ ಹೆಸರನ್ನು 1854ರಲ್ಲಿ ರುಡಾಲ್ಫ್ ವಿರ್ಕೋ ಕೊಟ್ಟರು. ಅದಾಗಿ ನೂರು ವರ್ಷದ ಮೇಲೆ, 1954ರಲ್ಲಿ, ಬೆಟ್ಟಿ ಬೆನ್ ಗೆರೆನ್ ಕೋಳಿಮರಿಯ ಭ್ರೂಣದ ನರಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ನರದಲ್ಲಿ ಆಕ್ಸಾನ್ ಪಕ್ಕದಲ್ಲಿರುವ ಶ್ವಾನ್ ಎಂಬ ಬಗೆಯ ಕೋಶದ ಪೊರೆಯೇ ಆಕ್ಸಾನ್ ಸುತ್ತ ಸುರುಳಿ ಸುತ್ತಿಕೊಂಡು ಮಯಲಿನ್ ಆಗುತ್ತದೆ ಎಂದು ತೋರಿಸಿದರು. ಕೋಲಿಗೆ ಚಾಪೆ ಸುತ್ತಿ ಬಿಗಿದ ಹಾಗೆ ಸುತ್ತು ಮೇಲೆ ಸುತ್ತು ಬೀಳುತ್ತದೆ, ಸುತ್ತುಗಳ ನಡುವೆ ಇದ್ದ ಕೋಶದ್ರವ ಹೆಚ್ಚುಕಡಿಮೆ ಪೂರ್ತಿ ಹೊರಗೆ ಹೋಗಿ ಪೊರೆಗೆ ಪೊರೆ ಅಂಟಿಕೊಳ್ಳುತ್ತದೆ. ಕೈಕಾಲಿನ ನರಗಳಲ್ಲಿ ಇದನ್ನು ಮಾಡುವುದು ಶ್ವಾನ್ ಕೋಶ, ಒಂದು ಕೋಶ ಒಂದು ಆಕ್ಸಾನಿನ ಒಂದೇ ತುಣುಕನ್ನು ನೋಡಿಕೊಳ್ಳುತ್ತದೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಮಾಡುವುದು ಆಲಿಗೋಡೆಂಡ್ರೋಸೈಟ್. ಅದು ಹತ್ತಾರು ತೋಳು ಚಾಚಿ ಬೇರೆ ಬೇರೆ ಆಕ್ಸಾನ್‌ಗಳಿಗೆ ಒಟ್ಟಿಗೇ ಹೊದಿಕೆ ಕಟ್ಟುತ್ತದೆ.

ಒಣಗಿಸಿದ ಮಯಲಿನ್ ತೂಕದಲ್ಲಿ ಶೇಕಡ 70ರಿಂದ 80ರಷ್ಟು ಲಿಪಿಡ್, ಅಂದರೆ ಕೊಬ್ಬಿನ ಜಾತಿಯ ವಸ್ತು. ವಿದ್ಯುತ್ ಸೋರದಂತೆ ತಡೆಯುವುದು ಈ ಲಿಪಿಡ್. ಹಾಗಾಗಿ ಮಯಲಿನ್ ಎಂದರೆ ಬರೀ ಕೊಬ್ಬಿನ ಪದರ ಎಂಬ ಭಾವನೆ ಸುಲಭವಾಗಿ ಬಂದುಬಿಡುತ್ತದೆ. ಆದರೆ ಲಿಪಿಡ್ ತಾನಾಗಿ ಐವತ್ತು ಸುತ್ತು ಸುತ್ತುವುದಿಲ್ಲ, ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ, ಯಾವ ಆಕ್ಸಾನಿಗೆ ಎಷ್ಟು ದಪ್ಪ ಹೊದಿಕೆ ಬೇಕೆಂದು ಅಳೆಯುವುದಿಲ್ಲ. ಆ ಕೆಲಸವೆಲ್ಲ ಉಳಿದ ಅಲ್ಪ ಭಾಗದಲ್ಲಿರುವ ಪ್ರೋಟೀನುಗಳದ್ದು.

ಕೈಕಾಲಿನ ನರದ ಮಯಲಿನ್‌ನಲ್ಲಿ ಇರುವ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯದು. ಅದಕ್ಕೆ ಪಿ-ಝೀರೊ ಎಂದು ಹೆಸರು. ಅದು ಪೊರೆಯನ್ನು ಒಂದೇ ಸಲ ತೂರಿಕೊಂಡು ನಿಲ್ಲುತ್ತದೆ, ದೊಡ್ಡ ತಲೆ ಕೋಶದ ಹೊರಗೆ, ಚಿಕ್ಕ ಬಾಲ ಒಳಗೆ. ತಲೆಯ ಆಕಾರ ನಮ್ಮ ರಕ್ತದ ಪ್ರತಿಕಾಯಗಳಲ್ಲಿ ಕಾಣುವ ಮಡಿಕೆಯನ್ನೇ ಹೋಲುತ್ತದೆ. ಅದರ ಸ್ಫಟಿಕ ರಚನೆ 1996ರಲ್ಲಿ ಸಿಕ್ಕಾಗ ನಾಲ್ಕು ನಾಲ್ಕು ತಲೆಗಳು ಗುಂಪುಗೂಡುವುದು, ಎದುರಿನ ಸುತ್ತಿನಲ್ಲಿರುವ ಪಿ-ಝೀರೊ ತಲೆಗಳಿಗೆ ಅವು ಅಂಟಿಕೊಳ್ಳಬಲ್ಲವು ಎಂಬುದು ಕಾಣಿಸಿತು. ಅಂದರೆ ಒಂದು ಸುತ್ತಿನ ಹೊರಮೈಯನ್ನು ಮುಂದಿನ ಸುತ್ತಿನ ಹೊರಮೈಗೆ ಹಿಡಿದಿಡುವುದು ಈ ತಲೆಗಳು. ಒಳಗಿನ ಬಾಲದಲ್ಲಿ ಧನ ವಿದ್ಯುದಂಶ ಹೆಚ್ಚು. ಪೊರೆಯ ಒಳಮೈಯಲ್ಲಿರುವ ಲಿಪಿಡ್‌ಗಳಲ್ಲಿ ಋಣ ವಿದ್ಯುದಂಶ ಹೆಚ್ಚು. ಹಾಗಾಗಿ ಬಾಲ ಎದುರಿನ ಒಳಮೈಯನ್ನು ಸೆಳೆದು ಕೋಶದ್ರವಕ್ಕೆ ಜಾಗವೇ ಉಳಿಯದಂತೆ ಮಾಡುತ್ತದೆ. ಪಿ-ಝೀರೊ ಇಲ್ಲದ ಇಲಿಗಳನ್ನು 1992ರಲ್ಲಿ ಸೃಷ್ಟಿಸಿದಾಗ ಅವುಗಳ ಶ್ವಾನ್ ಕೋಶಗಳು ಆಕ್ಸಾನ್ ಸುತ್ತ ಸುತ್ತಿದವು, ಆದರೆ ಸುತ್ತುಗಳು ಸಡಿಲವಾಗಿಯೇ ಉಳಿದವು.

ಒಳಮೈ ಅಂಟಿಸುವ ಕೆಲಸದಲ್ಲಿ ಎಂಬಿಪಿ ಎಂಬ ಇನ್ನೊಂದು ಪ್ರೋಟೀನ್ ಇದೆ. ಅದು ಪೊರೆಯನ್ನು ತೂರುವುದಿಲ್ಲ, ಒಳಬದಿಗೆ ಮೆತ್ತಿಕೊಂಡಿರುತ್ತದೆ. ಎಂಬಿಪಿ ಇಲ್ಲದ ಶಿವರರ್ ತಳಿಯ ಇಲಿಗಳ ಮಿದುಳಿನಲ್ಲಿ ಬಿಗಿಯಾದ ಮಯಲಿನ್ ಇರುವುದೇ ಇಲ್ಲ, ಅವು ಸದಾ ನಡುಗುತ್ತಿರುತ್ತವೆ. ಅದೇ ಇಲಿಯ ಕಾಲಿನ ನರ ಮಾತ್ರ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಅಲ್ಲಿ ಪಿ-ಝೀರೊ ಬಾಲ ಆ ಕೊರತೆಯನ್ನು ತುಂಬುತ್ತದೆ. ಇಲಿಯ ಮಿದುಳಿನಲ್ಲಿ ಪಿ-ಝೀರೊ ಇಲ್ಲ.

ಇಷ್ಟು ಮುಖ್ಯವಾದ ಪ್ರೋಟೀನ್ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ? ಅಲ್ಲ. ಪಿ-ಝೀರೊ ಜೀನಿನ ಹೆಚ್ಚುವರಿ ಪ್ರತಿಗಳನ್ನು ಇಲಿಗೆ ಸೇರಿಸಿದಾಗ ಮಯಲಿನ್ ಕೆಟ್ಟಿತು. ಸುತ್ತು ಮುಂದುವರಿಯಬೇಕಾದ ಒಳ ಅಂಚಿನಲ್ಲೇ ಅಂಟುವ ಪ್ರೋಟೀನ್ ಬಂದು ಕುಳಿತರೆ ಪೊರೆ ಮುಂದಕ್ಕೆ ಜಾರಲಾರದೆ ಸುತ್ತುವಿಕೆಯೇ ನಿಂತುಹೋಗುತ್ತದೆ. ಮನುಷ್ಯರಲ್ಲಿ ಈ ಜೀನಿನ ಇನ್ನೂರಕ್ಕೂ ಹೆಚ್ಚು ದೋಷಗಳು ದಾಖಲಾಗಿವೆ. ಕೆಲವು ಮಗುವಿದ್ದಾಗಲೇ ತೀವ್ರವಾಗಿ ಕಾಡುತ್ತವೆ, ಕೆಲವು ನಡುವಯಸ್ಸಿನವರೆಗೆ ಸುದ್ದಿಯಿಲ್ಲದೆ ಇರುತ್ತವೆ. ಒಂದೇ ಒಂದು ಅಮೈನೊ ಆಮ್ಲ ಬಿಟ್ಟುಹೋದ ಒಂದು ದೋಷದಲ್ಲಿ ಪ್ರೋಟೀನ್ ಪೊರೆಯವರೆಗೆ ಬರುವುದೇ ಇಲ್ಲ. ತಯಾರಾದ ಜಾಗದಲ್ಲೇ, ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಸಿಕ್ಕಿಹಾಕಿಕೊಂಡು ಕೋಶವನ್ನು ಒತ್ತಡಕ್ಕೆ ದೂಡುತ್ತದೆ. ಆ ಒತ್ತಡಕ್ಕೆ ಕೋಶ ತೋರುವ ಪ್ರತಿಕ್ರಿಯೆಯ ಒಂದು ಕೊಂಡಿಯನ್ನು ತೆಗೆದಾಗ, ದೋಷ ಹಾಗೆಯೇ ಇದ್ದರೂ ಇಲಿಯ ನರ ಸುಧಾರಿಸಿತು.

ಈಗ ಪಿಎಂಪಿ22. ಇದು 160 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್, ಪೊರೆಯನ್ನು ನಾಲ್ಕು ಸಲ ತೂರಿ ಹೆಣೆದುಕೊಂಡಿರುತ್ತದೆ. ಮಯಲಿನ್ ಪ್ರೋಟೀನುಗಳಲ್ಲಿ ಇದರ ಪಾಲು ನೂರಕ್ಕೆ ಎರಡರಿಂದ ಐದು. ಪಾಲು ಚಿಕ್ಕದಾದರೂ ಇದರ ಮಡಿಕೆ ಬಹಳ ನಾಜೂಕು. ಪೂರ್ತಿ ಆರೋಗ್ಯವಂತ ಶ್ವಾನ್ ಕೋಶದಲ್ಲೂ ತಯಾರಾದ ಪಿಎಂಪಿ22ರಲ್ಲಿ ಬಹುಪಾಲು ಸರಿಯಾಗಿ ಮಡಚಿಕೊಳ್ಳದೆ, ಪೊರೆ ತಲುಪುವ ಮೊದಲೇ ಕೋಶದ ಕೈಯಲ್ಲೇ ನಾಶವಾಗುತ್ತದೆ. ಎರಡು ಪ್ರತಿಗಳಿಂದ ಬರುವ ಹೊರೆಯನ್ನೇ ಪ್ರಯಾಸದಿಂದ ನಿಭಾಯಿಸುವ ಕೋಶಕ್ಕೆ ಮೂರನೆಯ ಪ್ರತಿ ಏನು ಮಾಡೀತೆಂದು ಊಹಿಸಬಹುದು. ಕೆಟ್ಟ ಮಡಿಕೆಯ ಪ್ರೋಟೀನ್ ಒಳಗೆ ಗುಡ್ಡೆಯಾಗುತ್ತದೆ, ಮಯಲಿನ್ ಕಟ್ಟುವುದು, ಬಿಚ್ಚಿಹೋಗುವುದು, ಮತ್ತೆ ಕಟ್ಟುವುದು ನಡೆಯುತ್ತಲೇ ಇರುತ್ತದೆ. ಹಳೆಯ ಪ್ರಯತ್ನಗಳ ಕುರುಹಾಗಿ ಶ್ವಾನ್ ಕೋಶಗಳು ಆಕ್ಸಾನ್ ಸುತ್ತ ಪದರ ಪದರವಾಗಿ ಉಳಿಯುವುದನ್ನು ರೋಗಶಾಸ್ತ್ರಜ್ಞರು ನರದ ಬಯಾಪ್ಸಿಯಲ್ಲಿ ಕಾಣುತ್ತಾರೆ.

ಈ ಕಾಯಿಲೆಗೆ ಶಾರ್ಕೊ-ಮಾರಿ-ಟೂತ್ ಎಂದು ಹೆಸರು. 1886ರಲ್ಲಿ ಪ್ಯಾರಿಸ್‌ನ ಶಾರ್ಕೊ ಮತ್ತು ಮಾರಿ, ಇಂಗ್ಲೆಂಡಿನ ಟೂತ್ ಇದನ್ನು ವಿವರಿಸಿದರು. ಎಲ್ಲ ಬಗೆ ಸೇರಿದರೆ ಸುಮಾರು 2,500 ಜನರಲ್ಲಿ ಒಬ್ಬರಿಗೆ ಇರುವ ಕಾಯಿಲೆ. ಬಂದ ಮನೆಗಳಲ್ಲಿ ಮಾತ್ರ ಅದರ ಹೆಸರು ಗೊತ್ತು. ಮೂರು ಪ್ರತಿಯ ಬಗೆಯೇ ಇದರಲ್ಲಿ ಹೆಚ್ಚು ಕಾಣುವುದು. ಆ ನಕಲನ್ನು ಕಂಡುಹಿಡಿದದ್ದು 1991ರಲ್ಲಿ. ತುಂಡು ಬಿಟ್ಟುಹೋಗುವ ಇನ್ನೊಂದು ಕಾಯಿಲೆ ಅದೇ ಜಾಗದ್ದೆಂದು ಎರಡು ವರ್ಷದ ಮೇಲೆ ತಿಳಿಯಿತು. ಆ 14 ಲಕ್ಷ ಅಕ್ಷರಗಳ ಎರಡೂ ತುದಿಯಲ್ಲಿ ಬಹುಪಾಲು ಒಂದೇ ರೀತಿಯ ಸಾಲುಗಳಿವೆ. ವೀರ್ಯಾಣು, ಅಂಡಾಣು ಆಗುವಾಗ ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವಷ್ಟೆ. ಆಗ ಒಂದರ ಎಡತುದಿ ಇನ್ನೊಂದರ ಬಲತುದಿಗೆ ತಪ್ಪಾಗಿ ಹೊಂದಿಕೊಂಡರೆ ಒಂದು ಕಡೆ ತುಂಡು ಎರಡಾಗುತ್ತದೆ, ಇನ್ನೊಂದು ಕಡೆ ಇಲ್ಲವಾಗುತ್ತದೆ. ಎರಡು ಕಾಯಿಲೆಗಳೂ ಒಂದೇ ತಪ್ಪಿನ ಎರಡು ಫಲ.

ಚಿಕಿತ್ಸೆ ಹುಡುಕುವವರಿಗೆ ಈ ಅಳತೆಯೇ ದೊಡ್ಡ ಸವಾಲು. ಇಲಿಗಳಲ್ಲಿ ವಿಟಮಿನ್ ಸಿ ಪಿಎಂಪಿ22 ತಯಾರಿಯನ್ನು ತಗ್ಗಿಸಿ ಗುಣ ತೋರಿತ್ತು, ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಕೆಲಸದಲ್ಲಿ ಜೀನಿನ ಸಂದೇಶವಾಹಕ ಆರ್‌ಎನ್‌ಎಯನ್ನೇ ಹಿಡಿದು ಕೆಡಿಸುವ ಪುಟ್ಟ ಡಿಎನ್‌ಎ ಎಳೆಗಳಿಂದ ಇಲಿ ಹೆಗ್ಗಣಗಳ ನರ ಬಹಳ ಮಟ್ಟಿಗೆ ಚೇತರಿಸಿಕೊಂಡಿತು. ಈ ದಾರಿ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ಪ್ರಮಾಣವನ್ನು ಏರಿಸಿ ಇಳಿಸಬಹುದು. ಆದರೆ ಬೇಕಾದದ್ದಕ್ಕಿಂತ ಹೆಚ್ಚು ಇಳಿಸಿದರೆ ರೋಗಿಯನ್ನು ಒಂದು ಕಾಯಿಲೆಯಿಂದ ಬಿಡಿಸಿ ಇನ್ನೊಂದಕ್ಕೆ ದೂಡಿದಂತಾಗುತ್ತದೆ.

ಮಯಲಿನ್ ಎಲ್ಲ ಕಡೆಯೂ ಬಿಗಿಯಾಗಿರುವುದಿಲ್ಲ. ಅಂಚುಗಳಲ್ಲಿ, ನಡುವೆ ಅಲ್ಲಲ್ಲಿ ಕೋಶದ್ರವ ಉಳಿದ ಇಕ್ಕಟ್ಟಾದ ಹಾದಿಗಳಿವೆ. ಕೋಶಕೇಂದ್ರ ಇರುವುದು ಸುರುಳಿಯ ಹೊರಗೆ, ಆಕ್ಸಾನ್ ಪಕ್ಕದ ಪದರ ಇರುವುದು ಒಳಗೆ. 5 ಮೈಕ್ರೊಮೀಟರ್ ದಪ್ಪದ ಆಕ್ಸಾನಿಗೆ ಐವತ್ತು ಸುತ್ತು ಬಿದ್ದಿದೆ ಎನ್ನೋಣ. ಸುರುಳಿಯ ಉದ್ದಕ್ಕೂ ನಡೆದರೆ ಹೊರಗಿನಿಂದ ಒಳಕ್ಕೆ ಸುಮಾರು ಒಂದು ಮಿಲಿಮೀಟರ್ ದೂರ. ಪದರಗಳನ್ನು ನೇರವಾಗಿ ದಾಟಿದರೆ ಬರೀ ಒಂದು ಮೈಕ್ರೊಮೀಟರ್. ಈ ಅಡ್ಡದಾರಿ ತೆರೆಯುವುದು ಕನೆಕ್ಸಿನ್ 32 ಎಂಬ ಪ್ರೋಟೀನ್. ಆರು ಕನೆಕ್ಸಿನ್‌ಗಳು ಸೇರಿ ಒಂದು ರಂಧ್ರ, ಪಕ್ಕದ ಪದರದ ರಂಧ್ರ ಅದಕ್ಕೆ ಜೋಡಿ. ಒಂದೇ ಕೋಶ ತನ್ನದೇ ಪದರಗಳ ನಡುವೆ ಇಂಥ ದಾರಿ ಮಾಡಿಕೊಳ್ಳುವುದು ದೇಹದಲ್ಲಿ ಅಪರೂಪ. ಇದರ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಅದು ಕೆಟ್ಟಾಗ ಬರುವ ಶಾರ್ಕೊ-ಮಾರಿ-ಟೂತ್ ಬಗೆ ಗಂಡಸರಲ್ಲಿ ಹೆಚ್ಚು ತೀವ್ರ.

ಇಷ್ಟೆಲ್ಲ ಕಟ್ಟಬೇಕೆಂದು ಶ್ವಾನ್ ಕೋಶಕ್ಕೆ ಹೇಳುವುದು ಆಕ್ಸಾನ್. ಅದರ ಮೈಮೇಲೆ ನ್ಯೂರೆಗ್ಯುಲಿನ್ 1 ಎಂಬ ಪ್ರೋಟೀನ್ ಇರುತ್ತದೆ, ಶ್ವಾನ್ ಕೋಶದ ಪೊರೆಯಲ್ಲಿ ಅದನ್ನು ಗುರುತಿಸುವ ಇಆರ್‌ಬಿಬಿ2 ಮತ್ತು ಇಆರ್‌ಬಿಬಿ3 ಎಂಬ ಜೋಡಿ. ಇಆರ್‌ಬಿಬಿ3 ಸಂದೇಶ ಹಿಡಿಯಬಲ್ಲದು, ಒಳಕ್ಕೆ ದಾಟಿಸುವ ಬಲ ಅದಕ್ಕೆ ಸಾಲದು. ಇಆರ್‌ಬಿಬಿ2ಕ್ಕೆ ಆ ಬಲವಿದೆ, ಸಂದೇಶ ಹಿಡಿಯಲು ಬಾರದು. ಎರಡೂ ಸೇರಿದರೇ ಕೆಲಸ. ನ್ಯೂರೆಗ್ಯುಲಿನ್ ಕಡಿಮೆ ಮಾಡಿದ ಇಲಿಯಲ್ಲಿ ಮಯಲಿನ್ ತೆಳುವಾಯಿತು, ಹೆಚ್ಚು ಮಾಡಿದಾಗ ದಪ್ಪವಾಯಿತು ಎಂದು 2004ರಲ್ಲಿ ತೋರಿಸಿದರು. ದಪ್ಪ ಆಕ್ಸಾನಿಗೆ ದಪ್ಪ ಹೊದಿಕೆ, ಒಂದು ಮೈಕ್ರೊಮೀಟರಿಗಿಂತ ತೆಳ್ಳಗಿದ್ದರೆ ಹೊದಿಕೆಯೇ ಇಲ್ಲ ಎಂಬ ಲೆಕ್ಕಾಚಾರದ ಹಿಂದೆ ಇದೇ ಮಾತುಕತೆ ಇದೆ. ಇಆರ್‌ಬಿಬಿ2 ಎಂಬುದು ಸ್ತನ ಕ್ಯಾನ್ಸರಿನ ವರದಿಗಳಲ್ಲಿ ಹರ್2 ಎಂದು ಕಾಣಿಸುವ ಪ್ರೋಟೀನೇ.

ಈ ಪೊರೆಯ ಪ್ರೋಟೀನುಗಳನ್ನು ಮನುಷ್ಯರಿಗಿಂತ ಬಹಳ ಮೊದಲೇ ಅರಿತಂತೆ ಬಳಸಿಕೊಂಡಿರುವುದು ಕುಷ್ಠರೋಗದ ಬ್ಯಾಕ್ಟೀರಿಯಾ. ಜಗತ್ತಿನಲ್ಲಿ ವರ್ಷಕ್ಕೆ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು, ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ. ಶ್ವಾನ್ ಕೋಶ ತನ್ನ ಹೊರಗಿರುವ ಲ್ಯಾಮಿನಿನ್ ಎಂಬ ಪ್ರೋಟೀನಿನ ಹಾಸನ್ನು ಡಿಸ್ಟ್ರೋಗ್ಲೈಕನ್ ಎಂಬ ಪ್ರೋಟೀನಿನಿಂದ ಹಿಡಿದುಕೊಂಡಿರುತ್ತದೆ. ಬ್ಯಾಕ್ಟೀರಿಯಾ ತನ್ನ ಮೈಮೇಲಿನ ವಿಶಿಷ್ಟ ಲಿಪಿಡ್‌ನಿಂದ ಲ್ಯಾಮಿನಿನ್‌ಗೆ ಅಂಟಿಕೊಂಡು, ಡಿಸ್ಟ್ರೋಗ್ಲೈಕನ್ ಮೂಲಕ ಕೋಶದ ಬಾಗಿಲಿಗೆ ಬರುತ್ತದೆ. ಅಷ್ಟಕ್ಕೇ ನಿಲ್ಲದೆ ಇಆರ್‌ಬಿಬಿ2 ಅನ್ನು ಅದರ ಜೋಡಿಯಿಲ್ಲದೆ ನೇರವಾಗಿ ಚಾಲೂ ಮಾಡಿ ಮಯಲಿನ್ ಕಳಚುವಂತೆ ಮಾಡುತ್ತದೆ ಎಂದು 2006ರಲ್ಲಿ ತಿಳಿದುಬಂತು. ಮಯಲಿನ್ ಕಟ್ಟದ ಶ್ವಾನ್ ಕೋಶಗಳಲ್ಲಿ ಈ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಸುತ್ತದೆ, ಆದ್ದರಿಂದ ಮಯಲಿನ್ ಕಳಚಿದಷ್ಟೂ ಅದಕ್ಕೆ ಲಾಭ. ಚರ್ಮದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿರುವುದು, ಮೊಣಕೈ ಒಳಬದಿಯ ನರ ಕೈಗೆ ದಪ್ಪವಾಗಿ ಸಿಗುವುದು ಇವುಗಳ ಬೇರು ಇಲ್ಲಿದೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್ ಸೇರಿದ ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅಷ್ಟರೊಳಗೆ ಸತ್ತ ಆಕ್ಸಾನನ್ನು ಮರಳಿ ತರುವುದಿಲ್ಲ. ಮಚ್ಚೆ ಕಂಡ ಕೂಡಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದು ಆಶಾ ಕಾರ್ಯಕರ್ತೆಯರು ಒತ್ತಾಯಿಸುವುದು ಅದಕ್ಕೇ.

ಮಿದುಳಿನ ಮಯಲಿನ್‌ನಲ್ಲಿ ಪ್ರಮಾಣದಲ್ಲಿ ಮೊದಲ ಸ್ಥಾನ ಪಿಎಲ್‌ಪಿ ಎಂಬ ಪ್ರೋಟೀನಿನದು. 1951ರಲ್ಲಿ ಫೋಲ್ಚ್ ಮತ್ತು ಲೀಸ್ ಇದನ್ನು ಬೇರ್ಪಡಿಸಿದಾಗ ಅದು ನೀರಿನಲ್ಲಿ ಕರಗದೆ ಕೊಬ್ಬಿನಂತೆ ಕ್ಲೋರೋಫಾರ್ಮ್ ಮಿಶ್ರಣದಲ್ಲಿ ಕರಗಿತ್ತು. ಇದೂ ಪೊರೆಯನ್ನು ನಾಲ್ಕು ಸಲ ತೂರುತ್ತದೆ. ಇದರ 276 ಅಮೈನೊ ಆಮ್ಲಗಳ ಸಾಲು ಮನುಷ್ಯನಲ್ಲೂ ಇಲಿಯಲ್ಲೂ ಅಕ್ಷರಶಃ ಒಂದೇ. ಅಂದರೆ ಕೋಟ್ಯಂತರ ವರ್ಷ ಪ್ರಕೃತಿ ಇದರಲ್ಲಿ ಒಂದು ಬದಲಾವಣೆಯನ್ನೂ ಸಹಿಸಿಲ್ಲ. ಮೀನುಗಳ ಮಿದುಳಿನಲ್ಲಿ ಈ ಜಾಗದಲ್ಲಿ ಇರುವುದು ಪಿ-ಝೀರೊ, ನೆಲಕ್ಕೆ ಬಂದ ಪ್ರಾಣಿಗಳಲ್ಲಿ ಪಿಎಲ್‌ಪಿ ಆ ಸ್ಥಾನ ಹಿಡಿಯಿತು. ಏಕೆ ಬದಲಾಗಬೇಕಿತ್ತು? ಇಲಿಯ ಮಿದುಳಿನಲ್ಲಿ ಪಿಎಲ್‌ಪಿ ತೆಗೆದು ಪಿ-ಝೀರೊ ಇಟ್ಟು ನೋಡಿದವರಿದ್ದಾರೆ. ಮಯಲಿನ್ ಬಿಗಿಯಾಗಿಯೇ ಕಟ್ಟಿಕೊಂಡಿತು, ಆದರೆ ಆಕ್ಸಾನ್‌ಗಳು ನಶಿಸಿದವು, ಇಲಿಗಳು ಬೇಗ ಸತ್ತವು. ಪಿಎಲ್‌ಪಿ ಸುಮ್ಮನೆ ತೆಗೆದರೂ ಮಯಲಿನ್ ಕಟ್ಟಿಕೊಳ್ಳುತ್ತದೆ, ವಯಸ್ಸಾದಂತೆ ಆಕ್ಸಾನ್ ಊದಿಕೊಂಡು ಕೆಡುತ್ತದೆ. ಹಾಗಾದರೆ ಹೊದಿಕೆಗೆ ವೇಗ ಹೆಚ್ಚಿಸುವುದರ ಜೊತೆಗೆ ಒಳಗಿನ ಎಳೆಯನ್ನು ಸಾಕುವ ಕೆಲಸವೂ ಇದೆ. ಆಲಿಗೋಡೆಂಡ್ರೋಸೈಟ್ ಪೊರೆಯಲ್ಲಿರುವ ಎಂಸಿಟಿ1 ಎಂಬ ಸಾಗಣೆ ಪ್ರೋಟೀನ್ ಲ್ಯಾಕ್ಟೇಟ್ ಅನ್ನು ಆಕ್ಸಾನಿಗೆ ಇಂಧನವಾಗಿ ಒದಗಿಸುತ್ತದೆ ಎಂಬುದು 2012ರ ಹೊತ್ತಿಗೆ ಸ್ಪಷ್ಟವಾಗತೊಡಗಿತು.

ಪಿಎಲ್‌ಪಿಯಲ್ಲೂ ಅಳತೆಯ ಕಥೆ ಹಾಗೆಯೇ. ಪೆಲಿಝೇಯಸ್-ಮೆರ್ಟ್ಸ್‌ಬಾಕರ್ ಎಂಬ ಕಾಯಿಲೆಯಲ್ಲಿ ಗಂಡುಮಗುವಿನ ಕಣ್ಣುಗುಡ್ಡೆ ಹುಟ್ಟಿದ ಕೆಲ ತಿಂಗಳಲ್ಲೇ ಅದುರತೊಡಗುತ್ತದೆ, ಕತ್ತು ನಿಲ್ಲುವುದು, ನಡೆಯುವುದು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಇದಕ್ಕೆ ಅತಿ ಹೆಚ್ಚು ಕಾಣುವ ಕಾರಣ ಎಕ್ಸ್ ವರ್ಣತಂತುವಿನಲ್ಲಿ ಈ ಜೀನ್ ಎರಡಾಗಿರುವುದು. ಜೀನ್ ಪೂರ್ತಿ ಇಲ್ಲದ ಮಕ್ಕಳಲ್ಲಿ ಕಾಯಿಲೆ ಸೌಮ್ಯ. ಹಾಗಾಗಿ ತೀವ್ರ ರೋಗದ ಇಲಿಗಳಲ್ಲಿ ಪಿಎಲ್‌ಪಿ ತಯಾರಿಯನ್ನೇ ಅಡಗಿಸಿ ನೋಡಿದರು. ಮೂರು ವಾರದಲ್ಲಿ ಸಾಯುತ್ತಿದ್ದ ಇಲಿಗಳು ತಿಂಗಳುಗಟ್ಟಲೆ ಬದುಕಿದವು. 2020ರಲ್ಲಿ ಬಂದ ಆ ಫಲಿತಾಂಶ ಇಂಥ ಮಕ್ಕಳ ತಂದೆತಾಯಿಗೆ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಜೀನ್ ಸರಿಯಿದ್ದರೂ ಈ ಪ್ರೋಟೀನುಗಳಿಗೆ ಆಪತ್ತು ಬರುವ ಇನ್ನೊಂದು ದಾರಿ ನಮ್ಮದೇ ರೋಗನಿರೋಧಕ ವ್ಯವಸ್ಥೆ. ಇಲ್ಲಿ ಪ್ರೋಟೀನ್ ಎಲ್ಲಿದೆ ಎಂಬುದು ನಿರ್ಣಾಯಕ. ಎಂಒಜಿ ಎಂಬುದು ಮಿದುಳಿನ ಮಯಲಿನ್‌ನಲ್ಲಿ ಅತ್ಯಲ್ಪ, ಆದರೆ ಇರುವುದು ಅತ್ಯಂತ ಹೊರಗಿನ ಪದರದ ಮೇಲೆ, ಪ್ರತಿಕಾಯಗಳ ಕೈಗೆ ಸಿಗುವಂತೆ. ಇದರ ವಿರುದ್ಧ ಪ್ರತಿಕಾಯ ಹುಟ್ಟಿದವರಿಗೆ ಇದ್ದಕ್ಕಿದ್ದಂತೆ ಕಣ್ಣು ಮಂಜಾಗುತ್ತದೆ, ಮಕ್ಕಳಲ್ಲಿ ಮಿದುಳಿನ ಉರಿಯೂತವಾಗಿ ಬರುತ್ತದೆ. ಮೊದಲೆಲ್ಲ ಇಂಥವರಲ್ಲಿ ಕೆಲವರನ್ನು ಮಿದುಳು, ಬೆನ್ನುಹುರಿಯ ಮಯಲಿನ್ ಮೇಲೆ ರೋಗನಿರೋಧಕ ವ್ಯವಸ್ಥೆ ಎರಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಪಟ್ಟಿಗೆ ಸೇರಿಸುತ್ತಿದ್ದರು; ಈಗ ಇದು ಬೇರೆಯೇ ಕಾಯಿಲೆ, 2023ರಲ್ಲಿ ಇದಕ್ಕೆ ಪ್ರತ್ಯೇಕ ರೋಗನಿರ್ಣಯ ಮಾನದಂಡವೂ ಬಂದಿದೆ. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಮಯಲಿನ್ ಕಾಯಿಲೆಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ.

ಇನ್ನೊಂದು ಜಾಗ ರಾನ್ವಿಯೆ ತೆರಪಿನ ಅಂಚು. ಅಲ್ಲಿ ಮಯಲಿನ್ ಕೋಶದ ನ್ಯೂರೋಫ್ಯಾಸಿನ್ 155 ಎಂಬ ಪ್ರೋಟೀನ್, ಆಕ್ಸಾನಿನ ಕಾಂಟ್ಯಾಕ್ಟಿನ್ 1 ಮತ್ತು ಕ್ಯಾಸ್ಪರ್ ಎಂಬ ಜೋಡಿಯನ್ನು ಹಿಡಿದುಕೊಂಡು ಹೊದಿಕೆಯ ಅಂಚನ್ನು ಮುಚ್ಚುತ್ತದೆ. ತೆರಪಿನ ಸೋಡಿಯಂ ಕಾಲುವೆಗಳೂ ಆಚೆಗಿನ ಪೊಟ್ಯಾಸಿಯಂ ಕಾಲುವೆಗಳೂ ಬೆರೆಯದಂತೆ ಕಾಯುವುದು ಈ ಹಿಡಿತ. ನ್ಯೂರೋಫ್ಯಾಸಿನ್ 155 ವಿರುದ್ಧ ಪ್ರತಿಕಾಯ ಬಂದವರಲ್ಲಿ ಹಲವರು ಚಿಕ್ಕ ವಯಸ್ಸಿನವರು. ಕೈ ನಡುಗುತ್ತದೆ, ನಡೆಯುವಾಗ ತೂರಾಡುತ್ತಾರೆ, ಪಾದ ಜೋತು ಬೀಳುತ್ತದೆ. ವಿದ್ಯುತ್ ಪರೀಕ್ಷೆಯಲ್ಲಿ ಇದು ಸಿಐಡಿಪಿ ಎಂಬ ಪರಿಚಿತ ನರರೋಗದಂತೆಯೇ ಕಾಣುತ್ತದೆ, ಹಾಗಾಗಿ ಅದಕ್ಕೆ ಕೊಡುವ ದುಬಾರಿ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮಿಶ್ರಣ) ಕೊಡುತ್ತಾರೆ, ಹೆಚ್ಚಿನವರಿಗೆ ಗುಣ ಸಿಗುವುದಿಲ್ಲ. ಕಾರಣ, ಈ ಪ್ರತಿಕಾಯ ಸಾಮಾನ್ಯವಾಗಿ ಐಜಿಜಿ4 ಬಗೆಯದು. ಅದು ಉರಿಯೂತ ಎಬ್ಬಿಸಿ ಮಯಲಿನ್ ಸುಲಿಯುವುದಿಲ್ಲ, ಎರಡು ಪ್ರೋಟೀನುಗಳ ನಡುವೆ ಅಡ್ಡ ಬಂದು ಹಿಡಿತ ಬಿಡಿಸುತ್ತದೆ. 2021ರ ಯುರೋಪಿನ ಮಾರ್ಗಸೂಚಿ ಇದನ್ನು ಸಿಐಡಿಪಿಯಿಂದ ಬೇರ್ಪಡಿಸಿತು. ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಕೊಟ್ಟಾಗ ಇವರಲ್ಲಿ ಅನೇಕರು ಸುಧಾರಿಸುತ್ತಾರೆ. ಇಮ್ಯುನೊಗ್ಲಾಬ್ಯುಲಿನ್‌ಗೆ ಬಗ್ಗದ ಸಿಐಡಿಪಿ ಎಂದು ಹೇಳಿಸಿಕೊಂಡವರ ಮನೆಯವರು, ನ್ಯೂರೋಫ್ಯಾಸಿನ್ ಮತ್ತು ಕಾಂಟ್ಯಾಕ್ಟಿನ್ ಪ್ರತಿಕಾಯಗಳ ಪರೀಕ್ಷೆ ಆಗಿದೆಯೇ ಎಂದು ತಮ್ಮ ನರರೋಗ ತಜ್ಞರನ್ನು ಕೇಳಬೇಕು.